ಮೂರು ತುಂಡಿನ ಪಾಸ್‌ವರ್ಡ್

ನಾಲೆಯ ಕಟ್ಟಕಡೆಯ ಊರಿನಲ್ಲಿ ಹುಟ್ಟಿದವರಿಗೆ ಎರಡು ಗುಣಗಳು ತಾವಾಗಿಯೇ ಬಂದುಬಿಡುತ್ತವೆ. ಒಂದು ಕಾಯುವುದು, ಇನ್ನೊಂದು ಅನುಮಾನಪಡುವುದು. ಮೇಲಿನ ಏಳು ಊರುಗಳ ಹೊಲಗಳು ಕುಡಿದು, ದನಗಳು ಮಿಂದು, ಮನೆಮನೆಯ ಕಂಬಳಿಗಳನ್ನು ಒಗೆದು ಮುಗಿದ ಮೇಲೆ ನಾಲೆಯಲ್ಲಿ ಏನಾದರೂ ಉಳಿದಿದ್ದರೆ ಅದು ಈ ಊರಿಗೆ ಬರಬೇಕು. ಯಾವ ಊರಿಗೆ ಯಾವ ದಿನ, ಯಾವ ಹೊಲಕ್ಕೆ ಎಷ್ಟು ಗಂಟೆ ನೀರು ಎಂದು ಬರೆದ ಸರದಿ ಪಟ್ಟಿಯೊಂದು ಇತ್ತು, ನಿಜ. ಆದರೆ ಹೇಳಿದ ಹೊತ್ತಿಗೆ ನೀರು ಬಂದದ್ದನ್ನು ಊರಿನ ಅತ್ಯಂತ ಹಿರಿಯರೂ ಕಂಡಿರಲಿಲ್ಲ. ಕೇಳಲು ಹೋದರೆ ಮೇಲಿನವರು ಪಟ್ಟಿಯ ತಮ್ಮ ಪ್ರತಿಯನ್ನು ಹಾಜರುಪಡಿಸುತ್ತಿದ್ದರು. ಅದರಲ್ಲಿ ಗಂಟೆಗಳು ಬೇರೆಯೇ ಇರುತ್ತಿದ್ದವು.

ಆದ್ದರಿಂದ ಈ ಊರಿನ ನೀರು ಬಳಕೆದಾರರ ಸಂಘಕ್ಕೆ ಕಾರ್ಯದರ್ಶಿಯಾಗಿ ಆರಿಸಬೇಕಾದವನು ಬುದ್ಧಿವಂತನಲ್ಲ, ಜೋಪಾನದವನು ಎಂದು ಜನ ತೀರ್ಮಾನಿಸಿದ್ದರು. ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ, ಮರಳಿ ಬಂದು ಬೀಗ ಜಗ್ಗಿ, ಮತ್ತೆ ಹತ್ತು ಹೆಜ್ಜೆ ಹೋಗಿ, ಜಗ್ಗಿದ್ದರಿಂದ ಸಡಿಲವಾಯಿತೇನೋ ಎಂದು ಮತ್ತೆ ಬರುವ ಮನುಷ್ಯ ಊರಿನಲ್ಲಿ ಒಬ್ಬನೇ ಇದ್ದ. ಅವನನ್ನು ಎಲ್ಲರೂ ಜೋಪಾನಪ್ಪ ಎಂದು ಕರೆಯುತ್ತಿದ್ದರು. ಹೆಂಡತಿಯೂ, ಕೋಪ ಬಂದಾಗ, ಹಾಗೆಯೇ ಕರೆಯುತ್ತಿದ್ದಳು.

ಸಂಘದ ಕಾಗದಗಳೆಲ್ಲ ಮೂರು ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಸುಖವಾಗಿದ್ದವು. ಹೀಗಿರುವಾಗ ನೀರಾವರಿ ಇಲಾಖೆಯಿಂದ ಆಜ್ಞೆ ಬಂತು: ಎಂಟು ಊರುಗಳ ಸಂಘಗಳೂ ತಮ್ಮ ಕಡತಗಳನ್ನು ಕ್ಲೌಡ್‌ಗೆ ಏರಿಸತಕ್ಕದ್ದು. ಕಾಗದಗಳು ಇಲಾಖೆಯ ಗೋದಾಮಿಗೆ ಹೋದವು. ಗೋದಾಮು ಇಲಿಗಳಿಗೆ ಹೋಯಿತು. ಜೋಪಾನಪ್ಪ ಒಂದು ದಿನದ ತರಬೇತಿಗೆ ಹೋಗಿ, ಊಟಕ್ಕೆ ಮುಂಚಿನ ಅರ್ಧವನ್ನು ಎಚ್ಚರದಿಂದ ಕೇಳಿ, ಸಂಜೆ ಎದೆಯುಬ್ಬಿಸಿಕೊಂಡು ಮನೆಗೆ ಬಂದ.

"ನಮ್ಮ ಕಡತ ಈಗ ನಮ್ಮೂರಲ್ಲಿಲ್ಲ," ಎಂದ.

"ಕಳೆದುಹೋಯ್ತಾ?" ಎಂದಳು ಹೆಂಡತಿ.

"ಅಯ್ಯೋ ಇಲ್ಲ ಕಣೇ. ಎಲ್ಲೋ ದೂರದಲ್ಲಿ, ತಣ್ಣಗಿರೋ ಕೋಣೆಯಲ್ಲಿ, ದೊಡ್ಡ ದೊಡ್ಡ ಯಂತ್ರದಲ್ಲಿದೆ."

"ಯಾರ ಕೋಣೆ?"

ಈ ಪ್ರಶ್ನೆಯನ್ನು ತರಬೇತಿಯಲ್ಲಿ ಯಾರೂ ಕೇಳಿರಲಿಲ್ಲ. "ಯಾರದೋ," ಎಂದ ಜೋಪಾನಪ್ಪ, ಸ್ವಲ್ಪ ಕಡಿಮೆ ಎದೆಯುಬ್ಬಿಸಿ.

"ನೂರ ನಲವತ್ತು ಮನೆಯವರ ಜಮೀನು ಪತ್ರ, ಹೆಬ್ಬೆಟ್ಟಿನ ಗುರುತು, ಫೋಟೋ, ಸರದಿ ಪಟ್ಟಿ, ಎಲ್ಲಾ ತಗೊಂಡು ಹೋಗಿ ಯಾರದೋ ಕೋಣೆಯಲ್ಲಿಟ್ಟು ಬಂದು ಊಟಕ್ಕೆ ಕೂತಿದ್ದೀರಲ್ಲ! ನನ್ನ ತಂಗಿ ಮನೆಗೆ ಒಂದು ಪಾತ್ರೆ ಕೊಡೋಕೆ ಹತ್ತು ಸಲ ಯೋಚನೆ ಮಾಡ್ತೀರಿ."

"ಪಾಸ್‌ವರ್ಡ್ ಇರುತ್ತೆ ಕಣೇ. ಅದಿಲ್ಲದೆ ಯಾರೂ ಒಳಗೆ ಹೋಗೋಕಾಗಲ್ಲ."

"ಅದು ಎಷ್ಟು ಜನರ ಹತ್ರ ಇರುತ್ತೆ?"

"ನನ್ನೊಬ್ಬನ ಹತ್ರ."

ಹೆಂಡತಿ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು, ಅಷ್ಟೇ. ಜೋಪಾನಪ್ಪನಿಗೆ ಆ ನೋಟದ ಅರ್ಥವಾಯಿತು. ಅವನು ಎದ್ದು ಸಂಘದ ನಿಯಮಾವಳಿಯ ಪುಸ್ತಕ ತೆಗೆದ.

ಏಳನೆಯ ನಿಯಮ ಹೀಗಿತ್ತು: "ಸಂಘದ ಕಡತಗಳನ್ನು ಎಲ್ಲಿಯೇ ಇರಿಸಲಿ, ಅದಕ್ಕೆ ಮೂರು ಬೀಗಗಳಿರತಕ್ಕದ್ದು. ಮೂರು ಕೀಲಿಗಳು ಮೂವರು ಸದಸ್ಯರ ಬಳಿ ಇರತಕ್ಕದ್ದು. ಮೂರೂ ಕೀಲಿಗಳು ಒಬ್ಬರ ಕೈ ಸೇರತಕ್ಕದ್ದಲ್ಲ. ಸದರಿ ಮೂವರು ಪರಸ್ಪರ ಸ್ನೇಹಿತರಾಗಿರತಕ್ಕದ್ದಲ್ಲ." ಬರೆದ ಪುಣ್ಯಾತ್ಮರು ಯಾರೋ, ಮನುಷ್ಯಸ್ವಭಾವ ಬಲ್ಲವರು. ನೆಂಟರಾಗಿರಬಾರದು ಎಂದು ಅವರು ಬರೆದಿರಲಿಲ್ಲ. ನೆಂಟರೆಂದ ಮಾತ್ರಕ್ಕೆ ಸ್ನೇಹಿತರಾಗುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಪೆಟ್ಟಿಗೆಯ ಕೀಲಿ ಇಟ್ಟುಕೊಂಡಿದ್ದ ಆ ಮೂವರನ್ನೇ ಜೋಪಾನಪ್ಪ ಕರೆಸಿದ. ಒಬ್ಬರು ನಿವೃತ್ತ ಮೇಷ್ಟ್ರು. ಇನ್ನೊಬ್ಬ ಅವನ ಭಾವಮೈದ, ಪಂಪ್ ರಿಪೇರಿಯವನು. ಮೂರನೆಯವಳು ಅವನ ಸೋದರತ್ತೆ, ಬಟ್ಟೆ ಹೊಲಿಯುವವಳು. ಮೇಷ್ಟ್ರು ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಮೊದಲ ತುಂಡನ್ನು ಒತ್ತಿ ಹೊರಬಂದರು. ಭಾವಮೈದ ಹೋಗಿ ನಡುವಿನ ತುಂಡು ಒತ್ತಿದ. ಅತ್ತೆ ಹೋಗಿ ಕೊನೆಯದನ್ನು ಒತ್ತಿ, ಬರುವಾಗ ಕಿಟಕಿಯನ್ನೂ ಮುಚ್ಚಿ ಬಂದಳು. ಅಷ್ಟೂ ಹೊತ್ತು ಜೋಪಾನಪ್ಪ ಗೋಡೆಯ ಕಡೆ ಮುಖ ಮಾಡಿ, ಕಿವಿಗೆ ಬೆರಳಿಟ್ಟು ನಿಂತಿದ್ದ. ಕಂಪ್ಯೂಟರಿನಲ್ಲಿ ಖಾತೆ ತೆರೆಯಿತು. ತೆರೆದದ್ದು ತೆರೆದೇ ಇತ್ತು. ಪಾಸ್‌ವರ್ಡ್ ಏನೆಂದು ಲೋಕದಲ್ಲಿ ಯಾವ ಒಬ್ಬ ಮನುಷ್ಯನಿಗೂ ಗೊತ್ತಿರಲಿಲ್ಲ.

ನಾಲೆಯ ತಲೆಯಲ್ಲಿದ್ದ ಮೇಲೂರಿನ ಕಾರ್ಯದರ್ಶಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ನಂದು ನನ್ನ ಬೆರಳ ತುದಿಯಲ್ಲಿದೆ ಕಣಯ್ಯ. ನೀನು ನಿನ್ನದನ್ನ ಪಂಚಾಯ್ತಿಗೆ ಬಿಟ್ಟಿದ್ದೀಯಾ!"

ನಾಲೆಗೆ ನೀರು ಬಿಡುವ ಹಿಂದಿನ ದಿನ, ಬೆಳಗ್ಗೆ ಹತ್ತೂವರೆಗೆ, ಜೋಪಾನಪ್ಪನ ಫೋನಿಗೆ ಒಂದು ಸಂದೇಶ ಬಂತು. "ನಿಮ್ಮ ಕ್ಲೌಡ್ ಖಾತೆಯನ್ನು ಇಂದು ಹನ್ನೆರಡು ಗಂಟೆಗೆ ಮುಚ್ಚಲಾಗುವುದು. ಎಲ್ಲ ಕಡತಗಳೂ ಶಾಶ್ವತವಾಗಿ ಅಳಿಸಿಹೋಗುವವು." ಪಟ್ಟಿ ಹೋದರೆ ಈ ಸಲವೂ ಮೇಲಿನವರು ಹೇಳಿದ್ದೇ ಗಂಟೆ. ಕಡೆಯ ಊರಿನ ಬೆಳೆ ನಿಂತಲ್ಲೇ ಒಣಗುತ್ತದೆ. ಅವನು ಸಂದೇಶವನ್ನು ಎರಡನೆಯ ಸಲ ಓದುವಷ್ಟರಲ್ಲಿ ಫೋನ್ ಬಂತು.

"ನಾನು ಕ್ಲೌಡ್ ಕಂಪನಿಯ ಭದ್ರತಾ ಅಧಿಕಾರಿ ಮಾತಾಡ್ತಿರೋದು. ನಿಮ್ಮ ಖಾತೆ ಉಳಿಸ್ಕೊಳ್ಬೇಕಾ?"

"ಉಳಿಸ್ಕೊಡಿ ಸಾರ್! ನೂರ ನಲವತ್ತು ಮನೆ ನಿಮ್ಮ ಕೈಯಲ್ಲಿದೆ."

"ಗಾಬರಿ ಬೇಡ. ಪಾಸ್‌ವರ್ಡ್ ಹೇಳಿ, ಒಂದೇ ನಿಮಿಷ."

"ನನಗೆ ಗೊತ್ತಿಲ್ಲ ಸಾರ್."

"ನಿಮ್ಮ ಪಾಸ್‌ವರ್ಡ್ ನಿಮಗೇ ಗೊತ್ತಿಲ್ವಾ?"

"ನನಗೆ ಗೊತ್ತಿದ್ರೆ ಅದು ಭದ್ರವಾಗಿರೋದು ಹೇಗೆ ಸಾರ್? ಮೂರು ಜನರ ಹತ್ರ ಇದೆ. ದಯವಿಟ್ಟು ಫೋನ್ ಇಡಬೇಡಿ. ಹೀಗೆ ಹೋಗಿ ಹಾಗೆ ಕೇಳ್ಕೊಂಡು ಬಂದುಬಿಡ್ತೀನಿ."

ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿ ಅಂಗಿಯ ಜೇಬಿಗೆ ಇಳಿಬಿಟ್ಟು, ಸೈಕಲ್ ಹತ್ತಿದ.

ಭಾವಮೈದ ಅಂಗಡಿಯಲ್ಲಿ ಒಂದು ಪಂಪಿನ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ತುರುಕಿ ಕೂತಿದ್ದ. ವಿಷಯ ಕೇಳಿ, ಕೈಯನ್ನು ಹೊರಗೆ ತೆಗೆಯದೆಯೇ, "ನಂದು ನಡುವಿನ ತುಂಡು ಭಾವ. ಮೊದಲನೇದು ಬರದೆ ನಡುವಿಂದು ಕೊಟ್ರೆ ಎಲ್ಲಿ ಕೂರುತ್ತೆ? ಮೇಷ್ಟ್ರು ಮೊದಲು ಕೊಡ್ಲಿ," ಎಂದ.

"ಮೇಷ್ಟ್ರ ಹತ್ರಾನೂ ಹೋಗ್ತೀನಿ ಮಹರಾಯ, ನೀನು ಮೊದಲು ಹೇಳು."

"ಹಾಗಾದ್ರೆ ಮೇಷ್ಟ್ರು ಇಲ್ಲಿಗೆ ಬಂದು, ನನಗೆ ಭಾಗಾಕಾರ ಬರುತ್ತೆ ಅಂತ ನಾಲ್ಕು ಜನರ ಮುಂದೆ ಒಪ್ಕೊಳ್ಲಿ."

ಜೇಬಿನೊಳಗಿಂದ ಅಧಿಕಾರಿ ಕೇಳಿದ: "ಭಾಗಾಕಾರ ಯಾಕ್ರೀ ಬಂತು ಇಲ್ಲಿ?"

"ಏಳನೇ ಕ್ಲಾಸಲ್ಲಿ ಸಾರ್. ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ, ಇವನಿಗೆ ಈ ಜನ್ಮದಲ್ಲಿ ಭಾಗಾಕಾರ ಬರಲ್ಲ ಅಂದ್ರು. ಇಪ್ಪತ್ತೆರಡು ವರ್ಷ ಆಯ್ತು."

"ಸರಿ, ನಾನೇ ಒಂದು ಲೆಕ್ಕ ಕೊಡ್ತೀನಿ. ಒಂಬೈನೂರ ಹನ್ನೆರಡನ್ನ ಹನ್ನೆರಡರಿಂದ ಭಾಗಿಸಿ."

ಭಾವಮೈದ ಒಂದು ಕ್ಷಣ ಪಂಪಿನೊಳಗೆ ಏನನ್ನೋ ತಿರುಗಿಸಿದ. "ಎಪ್ಪತ್ತಾರು."

"ಸರಿಯಾಗಿದೆ! ನಿಮಗೆ ಭಾಗಾಕಾರ ಚೆನ್ನಾಗಿ ಬರುತ್ತೆ. ಈಗ ಹೇಳಿ."

"ನೀವು ಒಪ್ಕೊಂಡ್ರೆ ಏನು ಬಂತು ಸಾರ್? ಮೇಷ್ಟ್ರು ಒಪ್ಕೋಬೇಕು."

ಅಧಿಕಾರಿ ಗಡುವನ್ನು ಒಂದು ಗಂಟೆಗೆ ಮುಂದೂಡಿದ. ಜೋಪಾನಪ್ಪ ದಾರಿಯುದ್ದಕ್ಕೂ ಅವನಿಗೆ ಕೃತಜ್ಞತೆ ಹೇಳುತ್ತಾ ಸೈಕಲ್ ತುಳಿದ.

ಮೇಷ್ಟ್ರು ಜಗುಲಿಯಲ್ಲಿ ಕೂತು ಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕುತ್ತಿದ್ದರು. ನಿವೃತ್ತರಾದ ಮೇಲೆ ತಿದ್ದಲು ಬೇರೇನೂ ಸಿಗುತ್ತಿರಲಿಲ್ಲ. ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಅರ್ಜಿ ಎಲ್ಲಿ?" ಎಂದರು.

"ಅರ್ಜಿ ಬರೆಯೋಕೆ ಹೊತ್ತಿಲ್ಲ ಸಾರ್," ಎಂದಿತು ಜೇಬು.

"ಹೊತ್ತಿಲ್ಲ ಅನ್ನೋದನ್ನೇ ಅರ್ಜಿಯಲ್ಲಿ ಬರೀಬಹುದು. ಹೇಳ್ತಾ ಹೋಗಿ, ನಾನೇ ಬರ್ಕೊಳ್ತೀನಿ. ಇವರಿಗೆ, ಇವರಿಂದ, ವಿಷಯ."

ಪಾಪ, ಅಧಿಕಾರಿ ಹೇಳಿದ. ವಿಷಯವನ್ನು ಬಿಟ್ಟು ನೇರ ಕಾರಣಕ್ಕೆ ಹೋದದ್ದರಿಂದ ಮೊದಲಿಂದ ಹೇಳಬೇಕಾಯಿತು. ಎರಡನೆಯ ಸಲ ಹುದ್ದೆ ಬಿಟ್ಟುಹೋಯಿತು. ಮೂರನೆಯ ಸಲ ಮೇಲಧಿಕಾರಿಯ ಒಪ್ಪಿಗೆ ಪಡೆದಿದ್ದೀರಾ ಎಂಬ ಪ್ರಶ್ನೆಗೆ ತಡವರಿಸಿದ.

"ಮೇಲಧಿಕಾರಿಗೆ ಹೇಳದೆ ನೇರ ಸಾರ್ವಜನಿಕರಿಗೆ ಫೋನ್ ಮಾಡ್ತೀರಾ? ಎಂಥ ಕಚೇರಿ ನಿಮ್ಮದು?"

"ಪಡೆದಿದ್ದೀನಿ ಸಾರ್, ಪಡೆದಿದ್ದೀನಿ!"

ಅರ್ಜಿ ಸರಿಯಾಗಿ ಒಂದು ಗಂಟೆಗೆ ಸಿದ್ಧವಾಯಿತು. ಮೇಷ್ಟ್ರು ಅದನ್ನು ಪರಿಶೀಲಿಸಿ, ಅಂಕ ಹಾಕಿ, ತಮ್ಮ ತುಂಡನ್ನು ಸಂಘದ ಕಚೇರಿಯಲ್ಲಿಯೇ ಕೊಡುವುದಾಗಿಯೂ, ಭಾಗಾಕಾರದ ವಿಚಾರವನ್ನು ಪರಿಗಣಿಸುವುದಾಗಿಯೂ ತಿಳಿಸಿದರು. "ಆದ್ರೆ ನಿಮ್ಮತ್ತೆ ಕೂತಿರೋ ಕೋಣೆಗೆ ನಾನು ಕಾಲಿಡಲ್ಲ. ಆಕೆ ಹೊಲಿದ ನನ್ನ ಕೋಟಿನ ಎಡತೋಳು ಇವತ್ತಿಗೂ ಬೆರಳು ಮುಚ್ಚುತ್ತೆ."

ಗಡುವು ಮೂರು ಗಂಟೆಗೆ ಹೋಯಿತು.

ಅತ್ತೆ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. "ಎಡತೋಳು ಉದ್ದ ಇಲ್ಲ ಕಣೋ. ಮೂವತ್ತು ವರ್ಷ ಬೋರ್ಡಿನ ಮೇಲೆ ಎಟುಕಿಸಿ ಎಟುಕಿಸಿ ಬರೆದು ಅವರ ಬಲಗೈ ಉದ್ದ ಆಗಿದೆ. ಕೋಟು ಸರಿ ಇದೆ, ಕೈ ಸರಿ ಇಲ್ಲ. ಅದ್ಯಾರು ನಿನ್ನ ಜೇಬಲ್ಲಿ ಕೆಮ್ತಿರೋದು?"

"ಭದ್ರತಾ ಅಧಿಕಾರಿ ಅತ್ತೆ."

"ಎಷ್ಟು ದಿನದಿಂದ ಕೆಮ್ಮಪ್ಪಾ?"

"ಒಂದು ವಾರದಿಂದ ಅಮ್ಮ. ಪಾಸ್‌ವರ್ಡಿನ ಕೊನೇ ತುಂಡು..."

"ಊಟ ಆಯ್ತಾ?"

"ಇಲ್ಲ. ಬೆಳಗ್ಗೆಯಿಂದ ನಿಮ್ಮ ಊರಿನಲ್ಲೇ ಇದ್ದೀನಿ."

"ಮೊದಲು ಊಟ ಮಾಡು. ಹೊಟ್ಟೆಗಿಲ್ಲದೆ ಎಂಥ ಭದ್ರತೆ? ನಾನೂ ಈ ಅಂಚು ಮುಗಿಸ್ಕೊಂಡು ಬರ್ತೀನಿ. ಮೇಷ್ಟ್ರಿಗೆ ಹೇಳು, ಆ ಕೋಟು ಹಾಕ್ಕೊಂಡು ಬರ್ಲಿ. ಇವತ್ತು ಊರ ಮುಂದೆ ಅಳತೆ ಆಗಿಹೋಗ್ಲಿ."

ಜೇಬಿನೊಳಗಿಂದ ದಣಿದ ಸ್ವರವೊಂದು, "ಸಂಜೆ ಐದು ಗಂಟೆ. ಅದೇ ಕೊನೆ," ಎಂದಿತು.

ಐದಕ್ಕೆ ಸಂಘದ ಕಚೇರಿಯ ಮುಂದೆ ಅರ್ಧ ಊರು ನೆರೆದಿತ್ತು. ಜೋಪಾನಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ಜನರನ್ನು ತಡೆಯುತ್ತಿದ್ದಳು. ಮೇಷ್ಟ್ರು ಕೋಟು ಹಾಕಿಕೊಂಡೇ ಬಂದರು. ಅತ್ತೆ ಅಳತೆಪಟ್ಟಿ ಹಿಡಿದು ಎರಡೂ ಕೈ ಅಳೆದಳು. ಬಲಗೈ ಮುಕ್ಕಾಲು ಇಂಚು ಉದ್ದ ಬಂತು. ಮೇಷ್ಟ್ರು ತಮ್ಮ ಕೈಯನ್ನೇ ಅಪರಿಚಿತನನ್ನು ನೋಡುವಂತೆ ನೋಡಿದರು. ಆ ಬೆರಗಿನಲ್ಲಿಯೇ ಭಾವಮೈದನ ಕಡೆ ತಿರುಗಿ, "ನಿನಗೆ ಭಾಗಾಕಾರ ಬರುತ್ತಪ್ಪ. ನಾನು ಅಂದದ್ದು ತಪ್ಪು," ಎಂದುಬಿಟ್ಟರು. ಭಾವಮೈದ ಗ್ರೀಸ್ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ. ಇಪ್ಪತ್ತೆರಡು ವರ್ಷದ ಜಗಳ ಒಂದು ಸಂಜೆಯಲ್ಲಿ ಮುಗಿದುಹೋಯಿತು. ಫೋನಿನೊಳಗಿಂದ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತೆಂದು ಮುಂದಿನ ಸಾಲಿನಲ್ಲಿದ್ದವರು ಇಂದಿಗೂ ಹೇಳುತ್ತಾರೆ.

"ಎಲ್ಲಾ ಆಯ್ತಲ್ಲ. ಈಗ ಒಬ್ಬೊಬ್ಬರೇ ಬಂದು ಹೇಳಿ," ಎಂದ ಅಧಿಕಾರಿ.

ಮೇಷ್ಟ್ರು ಫೋನಿನ ಮುಂದೆ ಬಗ್ಗಿ, ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು.

"ತಡೀರಿ," ಎಂದಳು ಅತ್ತೆ. "ನಾವು ಮೂವರೂ ಹೇಳೋದನ್ನ ಈಯಪ್ಪ ಒಬ್ಬನೇ ಕೇಳಿಸ್ಕೊಳ್ತಾನಲ್ಲ? ಏಳನೇ ನಿಯಮ ಏನಾಯ್ತು?"

ಜೋಪಾನಪ್ಪನ ಮುಖ ಬಿಳಿಚಿಕೊಂಡಿತು. ಎಂಥ ಅನಾಹುತವಾಗಿಬಿಡುತ್ತಿತ್ತು! ಮೂರೂ ಕೀಲಿಗಳು ಒಬ್ಬರ ಕೈ ಸೇರತಕ್ಕದ್ದಲ್ಲ. ಅವನು ನಿಯಮಾವಳಿ ತೆಗೆದು ಓದಿ ಹೇಳಿದ.

"ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮ ಕಡೆಯಿಂದಲೂ ಮೂರು ಜನ ಬೇಕಾಗ್ತಾರೆ. ಒಬ್ಬೊಬ್ಬರು ಒಂದೊಂದು ತುಂಡು ಕೇಳಿಸ್ಕೊಳ್ಬೇಕು."

"ಅಷ್ಟೇ ತಾನೇ? ಇದ್ದಾರೆ, ಪಕ್ಕದಲ್ಲೇ ಇನ್ನಿಬ್ಬರಿದ್ದಾರೆ!" ಎಂದು ಅಧಿಕಾರಿ ಬಹುತೇಕ ಅಳುವ ದನಿಯಲ್ಲಿ ಕೂಗಿದ. ಎರಡು ಹೊಸ ಸ್ವರಗಳು ತಮ್ಮನ್ನು ಪರಿಚಯಿಸಿಕೊಂಡವು.

ಅತ್ತೆ ಫೋನಿಗೆ ಬಾಯಿ ಹತ್ತಿರ ತಂದಳು. "ನೀವು ಮೂವರೂ ಸ್ನೇಹಿತರಾ?"

"ಹೌದಮ್ಮ, ಜೀವದ ಗೆಳೆಯರು," ಎಂದ ಮೊದಲಿನವನು.

"ಹಾಗಾದ್ರೆ ಆಗಲ್ಲ," ಎಂದರು ಮೇಷ್ಟ್ರು.

"ಇಲ್ಲ ಇಲ್ಲ, ಸ್ನೇಹಿತರಲ್ಲ! ನಮಗೆ ಒಬ್ಬರಿಗೊಬ್ಬರು ಆಗಲ್ಲ!"

"ಬಾಯಲ್ಲಿ ಹೇಳಿದ್ರೆ ಸಾಲದು. ಕಾರಣ ಕೊಡಬೇಕು. ನಮ್ಮಲ್ಲಿ ಕೋಟಿತ್ತು, ಭಾಗಾಕಾರ ಇತ್ತು. ನಿಮ್ಮಲ್ಲೇನಿದೆ?"

ಎರಡನೆಯವನು ಎಲ್ಲಿಂದಲೋ ಧೈರ್ಯ ತಂದುಕೊಂಡ. "ನಾನು ಹೇಳ್ತೀನಿ. ಮೇಲೂರಿನ ಸಂಘದವನ ಹತ್ರ ಅರ್ಧ ನಿಮಿಷದಲ್ಲಿ ಪಾಸ್‌ವರ್ಡ್ ಬಿಡಿಸಿದ್ದು ನಾನು. ಹೆಸರು ತಗೊಂಡಿದ್ದು ಇವನು."

"ಸುಳ್ಳು!" ಎಂದ ಮೂರನೆಯವನು. "ಏಳು ಊರಲ್ಲಿ ನಾಲ್ಕು ನಂದು. ಕಡತಕ್ಕೆಲ್ಲ ಬೀಗ ಜಡಿದು ಕೂತವನು ನಾನು. ಈ ಅಧಿಕಾರಿಗೆ ಫೋನಲ್ಲಿ ಸಿಹಿಯಾಗಿ ಮಾತಾಡೋದು ಬಿಟ್ರೆ ಏನು ಬರುತ್ತೆ? ಒಂದು ಹಳ್ಳಿ ಮುದುಕಿ ಹತ್ರ ಬೆಳಗ್ಗೆಯಿಂದ ಕೆಮ್ಮಿನ ಕಥೆ ಹೇಳ್ತಾ ಕೂತಿದ್ದಾನೆ!"

"ಮುದುಕಿ ಅನ್ನಬೇಡ ಅವರನ್ನ," ಎಂದ ಮೊದಲಿನವನು, ನಿಜವಾದ ಕೋಪದಿಂದ. ಆ ಕಡೆ ಕುರ್ಚಿಯೊಂದು ಉರುಳಿದ ಸದ್ದಾಯಿತು. ಯಾರೋ ಯಾರನ್ನೋ ಹೊಡೆದರು. ಲೈನ್ ಕಡಿಯಿತು.

ಜೋಪಾನಪ್ಪ ಫೋನನ್ನು ದುಃಖದಿಂದ ನೋಡಿದ. "ಛೆ, ನಮ್ಮಿಂದಾಗಿ ಅವರ ಕಚೇರಿಯಲ್ಲಿ ಜಗಳ ಆಯ್ತು."

"ಅವರು ಅಧಿಕಾರಿಗಳಲ್ಲಯ್ಯ, ಕಳ್ಳರು!" ಎಂದರು ಮೇಷ್ಟ್ರು. "ಏಳೂರಿನ ಕಡತ ಕದ್ದು ಬೀಗ ಹಾಕಿದ್ದೀವಿ ಅಂತ ಅವರ ಬಾಯಿಂದಲೇ ಬಂತಲ್ಲ!"

"ಇರಲಾರದು ಮೇಷ್ಟ್ರೇ. ಮೂರು ಸಲ ಗಡುವು ಮುಂದಕ್ಕೆ ಹಾಕಿದ್ರು. ಇಲಾಖೆಯವರು ಯಾವತ್ತಾದ್ರೂ ಒಂದು ಸಲ ಹಾಕಿದ್ದಾರಾ?"

"ಅದಕ್ಕೇ ಕಳ್ಳರು ಅಂತ ಗೊತ್ತಾಗ್ಬೇಕಿತ್ತು ನಿಮಗೆ," ಎಂದಳು ಬಾಗಿಲಲ್ಲಿದ್ದ ಹೆಂಡತಿ.

ಕಂಪ್ಯೂಟರ್ ನೋಡಿದರು. ಕಡತಗಳೆಲ್ಲ ಇದ್ದ ಹಾಗೆಯೇ ಇದ್ದವು. ನೂರ ನಲವತ್ತು ಹೆಬ್ಬೆಟ್ಟುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು.

ಮಾರನೆಯ ಬೆಳಗ್ಗೆ ಏಳು ಗಂಟೆಗೆ ಜೋಪಾನಪ್ಪನ ಮನೆಯ ಮುಂದೆ ಏಳು ಮೋಟಾರ್‌ಸೈಕಲ್ಲುಗಳೂ ಒಂದು ಇಲಾಖೆಯ ಜೀಪೂ ನಿಂತಿದ್ದವು. ಏಳೂ ಕಾರ್ಯದರ್ಶಿಗಳ ಮುಖ ತೊಳೆದಿಟ್ಟ ಹಂಡೆಯಂತೆ ಖಾಲಿಯಾಗಿತ್ತು. ಜೀಪಿನಿಂದ ಇಳಿದ ಇಂಜಿನಿಯರಮ್ಮ ಕೂರದೆಯೇ ಮಾತು ಶುರುಮಾಡಿದರು.

"ಯಾವ ಕಂಪನಿಯೂ ಫೋನ್ ಮಾಡಿ ಪಾಸ್‌ವರ್ಡ್ ಕೇಳಲ್ಲ. ತರಬೇತಿಯಲ್ಲಿ ಮಧ್ಯಾಹ್ನ ಇದನ್ನೇ ಎರಡು ಗಂಟೆ ಹೇಳಿದ್ದೆ. ಇವರೆಲ್ಲ ಕೇಳಿದ ತಕ್ಷಣ ಕೊಟ್ಟುಬಿಟ್ಟಿದ್ದಾರೆ. ಇವರ ಜನರ ಜಮೀನು ಪತ್ರ, ಹೆಬ್ಬೆಟ್ಟು ಈಗ ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಬೀಗ ತೆಗೆಸಬಹುದು. ಕಂಡವರು ಕಂಡದ್ದನ್ನ ಮರೆಸೋಕಾಗಲ್ಲ. ನೀವೊಬ್ಬರು ಕೊಡಲಿಲ್ಲ. ಹೇಗೆ ಪತ್ತೆ ಹಚ್ಚಿದ್ರಿ?"

ಊಟವಾದ ಮೇಲಿನ ತರಬೇತಿಯ ಹೊತ್ತಿನಲ್ಲಿ ತಾನು ಎಲ್ಲಿದ್ದೆ ಎಂದು ಜೋಪಾನಪ್ಪನಿಗೆ ಚೆನ್ನಾಗಿ ನೆನಪಿತ್ತು. ಆದರೆ ಅವನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ.

"ಕೊಡೋಕೆ ಬೆಳಗ್ಗೆಯಿಂದ ಸಂಜೆವರೆಗೂ ಪ್ರಯತ್ನಪಟ್ಟೆ ಮೇಡಂ," ಎಂದ. "ಆಗ್ಲಿಲ್ಲ."

ಇಂಜಿನಿಯರಮ್ಮ ಇದನ್ನು ವಿನಯವೆಂದು ಬಗೆದರು. ಟಿಪ್ಪಣಿ ಪುಸ್ತಕ ತೆಗೆದು ಏಳನೆಯ ನಿಯಮವನ್ನು ಅಕ್ಷರಶಃ ಬರೆದುಕೊಂಡರು. ಎಂಟೂ ಸಂಘಗಳು ಇನ್ನು ಮೂರು ತುಂಡಿನ ಪಾಸ್‌ವರ್ಡ್ ಇಡತಕ್ಕದ್ದು, ಸರದಿ ಪಟ್ಟಿಯ ಒಂದು ಪ್ರತಿ ಕಾಗದದಲ್ಲೂ ಇರತಕ್ಕದ್ದು ಎಂದು ಅಲ್ಲಿಯೇ ಆಜ್ಞೆ ಮಾಡಿದರು. ಆಮೇಲೆ ವಾಚ್ ನೋಡಿಕೊಂಡರು.

"ಇನ್ನೊಂದು ಗಂಟೆಗೆ ನಾಲೆಗೆ ನೀರು ಬಿಡ್ಬೇಕು. ಇಡೀ ನಾಲೆಯಲ್ಲಿ ಉಳಿದಿರೋದು ಇವರೊಬ್ಬರ ಪಟ್ಟಿ. ಈ ಸಲ ಎಂಟೂ ಊರಿಗೆ ಇದರ ಪ್ರಕಾರವೇ ನೀರು. ಯಾರದಾದ್ರೂ ತಕರಾರಿದೆಯಾ?"

ಮೇಲೂರಿನ ಕಾರ್ಯದರ್ಶಿ ಬಾಯಿ ತೆರೆದ. ಅರ್ಧ ನಿಮಿಷದಲ್ಲಿ ತಾನು ಏನು ಮಾಡಿದ್ದೆನೆಂಬುದು ನೆನಪಾಗಿ ಮುಚ್ಚಿದ. ಜೋಪಾನಪ್ಪ ಕಚೇರಿಗೆ ಹೋಗಿ ಪಟ್ಟಿಯ ಏಳು ಪ್ರತಿಗಳನ್ನು ಮುದ್ರಿಸಿ ತಂದು, ಒಂದೊಂದಕ್ಕೂ ಸಹಿ ಹಾಕಿಸಿಕೊಂಡು, ಸಹಿ ಒಣಗುವವರೆಗೆ ಕಾದು, ಕೊಟ್ಟ.

ಅಂದಿನಿಂದ ಹತ್ತು ದಿನ ಅವನು ಸೈಕಲ್ಲಿನಲ್ಲಿ ನಾಲೆಯ ಏರಿಯ ಮೇಲೆ ಓಡಾಡಿದ. ತೂಬು ಬಂದಲ್ಲೆಲ್ಲ ಇಳಿದು ಪಟ್ಟಿ ಓದುವನು. "ನಿಮ್ಮದು ಹನ್ನೊಂದೂವರೆಗೆ ಮುಗೀತು," ಎನ್ನುವನು. ಹನ್ನೊಂದೂವರೆಗೆ ಆ ಊರಿನವರು ತೂಬಿನ ಹಲಗೆ ಇಳಿಸುವರು. ಹಲಗೆ ಇಳಿದ ಮೇಲೆ ಅವನು ಹತ್ತು ಹೆಜ್ಜೆ ಹೋಗಿ, ಮರಳಿ ಬಂದು, ಒಮ್ಮೆ ಜಗ್ಗಿ ನೋಡುವನು. ಯಾರೂ ನಗಲಿಲ್ಲ. ಮೇಲೂರಿನವನು ತಾನೇ ಮುಂದೆ ಬಂದು, "ನಾನೂ ಒಂದು ಸಲ ಜಗ್ಗಿ ನೋಡ್ಲಾ?" ಎಂದು ಕೇಳಿದ.

ಹನ್ನೊಂದನೆಯ ದಿನ ಬೆಳಗ್ಗೆ ಆರೂವರೆಗೆ ಕಡೆಯ ಊರಿಗೆ ನೀರು ಎಂದು ಪಟ್ಟಿಯಲ್ಲಿತ್ತು. ಆರು ಇಪ್ಪತ್ತೈದಕ್ಕೆ ಜೋಪಾನಪ್ಪ ತೂಬಿನ ಮೇಲೆ ಒಬ್ಬನೇ ನಿಂತಿದ್ದ. ಊರು ಮಲಗಿತ್ತು. ಆರೂವರೆಗೆ ನಾಲೆಯ ತಿರುವಿನಲ್ಲಿ ಒಣ ಎಲೆಗಳನ್ನು ಮುಂದೆ ತಳ್ಳಿಕೊಂಡು, ನೊರೆ ಕಟ್ಟಿಕೊಂಡು, ಹೊಳೆಯುತ್ತಾ ನೀರು ಬಂತು. ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಅತ್ತೆಯ ಹೊಲಕ್ಕೆ ನುಗ್ಗಿತು. ಅವನು ಊರಿಗೆಲ್ಲ ಕೇಳುವಂತೆ ಕೂಗಿದ.

ಅತ್ತೆ ಕೆದರಿದ ತಲೆಯಲ್ಲಿ ಓಡಿಬಂದು, ಹೊಲದ ಕಡೆ ನೋಡಿ, ತಲೆ ಮೇಲೆ ಕೈಹೊತ್ತಳು.

"ಅಯ್ಯೋ, ಹೇಳಿದ ಹೊತ್ತಿಗೆ ಬಂದುಬಿಡ್ತಲ್ಲೋ! ನಾನಿನ್ನೂ ಬದು ಕಟ್ಟಿಲ್ಲ! ಒಡ್ಡು ಹಾಕಿಲ್ಲ!"

ಯಾರೂ ಕಟ್ಟಿರಲಿಲ್ಲ, ಯಾರೂ ಹಾಕಿರಲಿಲ್ಲ. ಇಷ್ಟು ವರ್ಷಗಳಲ್ಲಿ ಹೇಳಿದ ಹೊತ್ತಿಗೆ ಸಿದ್ಧವಾಗಿರುವುದು ಬೇಕಾಗಿಯೇ ಇರಲಿಲ್ಲ. ಮೇಷ್ಟ್ರು ಉದ್ದ ತೋಳು ಮಡಚಿಕೊಳ್ಳುತ್ತಾ, ಭಾವಮೈದ ಒಂದು ಕೈಯಲ್ಲಿ ತನ್ನ ಗುದ್ದಲಿ ಇನ್ನೊಂದರಲ್ಲಿ ಮೇಷ್ಟ್ರ ಗುದ್ದಲಿ ಹಿಡಿದು, ಜೋಪಾನಪ್ಪನ ಹೆಂಡತಿ ಗಂಡನ ಚಪ್ಪಲಿಯನ್ನೂ ಬೈಗುಳವನ್ನೂ ಒಟ್ಟಿಗೆ ಹೊತ್ತು, ನೂರ ನಲವತ್ತು ಮನೆಯ ಜನ ಗುದ್ದಲಿ, ಪಿಕಾಸಿ, ಕೈಗೆ ಸಿಕ್ಕಿದ ತಟ್ಟೆ ಹಿಡಿದು ಬೀದಿಯಲ್ಲಿ ಓಡಿಬರುತ್ತಿದ್ದರು.

ನೀರು ಅವರಿಗಾಗಿ ಕಾಯಲಿಲ್ಲ. ಅದು ಮುಂದಿನ ಹೊಲಕ್ಕೆ ಇಳಿದಾಗಿತ್ತು.